ಇಪ್ಪತ್ತೆರಡನೆಯ ಕೋಣೆಯ ಮಜ್ಜಿಗೆ

2020ರ ಅಕ್ಟೋಬರ್‌ನಲ್ಲಿ ನಾನು ನೆದರ್ಲೆಂಡ್ಸ್‌ನ ಒಂದು ಸೇನಾ ನೆಲೆಯಲ್ಲಿ ಊಟ ಹಂಚಿಕೆಯ ಮೇಲ್ವಿಚಾರಕನಾಗಿದ್ದೆ. ಸೇನೆಯ ನೌಕರನಲ್ಲ, ಅಡುಗೆಯ ಗುತ್ತಿಗೆ ಹಿಡಿದಿದ್ದ ಕಂಪನಿಯ ನೌಕರ. ನಮ್ಮ ಮನೆ ರಾಟರ್‌ಡ್ಯಾಮ್ ಪಕ್ಕದ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿತ್ತು. ಅಲ್ಲಿಂದ ಕಂಪನಿಯ ವ್ಯಾನಿನಲ್ಲಿ ಒಂದೂಕಾಲು ತಾಸಿನ ದಾರಿ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಬೆಳಗಾವಿ ಕ್ಯಾಂಪಿನ ಲಂಗರ್‌ನಲ್ಲಿ, ಅಂದರೆ ಸಿಪಾಯಿಗಳ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವುದರಿಂದ ಶುರು ಮಾಡಿದೆ. ಆಮೇಲೆ ಪುಣೆಯ ಹೋಟೆಲು, ಆಮೇಲೆ ರಾಟರ್‌ಡ್ಯಾಮ್‌ನ ಒಂದು ಇಂಡಿಯನ್ ರೆಸ್ಟೋರೆಂಟಿಗೆ ಅಡುಗೆಯವನಾಗಿ ವರ್ಕ್ ಪರ್ಮಿಟ್. ಡಚ್ ಭಾಷೆಯನ್ನು ತರಕಾರಿ ಹೆಚ್ಚುತ್ತಲೇ ಕಲಿತೆ. ಈ ನೆಲೆಗೆ ಬಂದಾಗ ನಾನು ಆ ದೇಶಕ್ಕೆ ಬಂದು ಹದಿನೆಂಟು ವರ್ಷವಾಗಿತ್ತು. ನಾನು ಬರೆದ ಊಟದ ಲಿಸ್ಟಿನಲ್ಲಿ ಅಲ್ಲಿಯವರೆಗೆ ಯಾರೂ ತಪ್ಪು ಹುಡುಕಿರಲಿಲ್ಲ. ಹಾಗಂತ ಹೇಳಿಕೊಳ್ಳುತ್ತಲೂ ಇದ್ದೆ.

ವಿದೇಶದ ಕಾರ್ಯಾಚರಣೆಗೆ ಹೊರಡುವ ಸೈನಿಕರನ್ನು ಕೋವಿಡ್ ಕಾಲದಲ್ಲಿ ಹತ್ತು ದಿನ ಪ್ರತ್ಯೇಕವಾಗಿ ಇಡುತ್ತಿದ್ದರು. ಅದಕ್ಕೆಂದು ಒಂದು ಹಳೆಯ ಬ್ಯಾರಕ್ ತೆರೆದರು. ಮೂರು ಮಹಡಿ, ಮೂವತ್ತಾರು ಕೋಣೆ, ಕೋಣೆಗೊಬ್ಬ. ನಮ್ಮ ಕೆಲಸ ದಿನಕ್ಕೆ ಮೂರು ಹೊತ್ತು ಊಟದ ಟ್ರೇ ಒಯ್ದು ಪ್ರತಿ ಬಾಗಿಲ ಮುಂದಿನ ಸ್ಟೂಲಿನ ಮೇಲಿಟ್ಟು, ಎರಡು ಸಲ ಬಾಗಿಲು ಬಡಿದು ಮುಂದೆ ಹೋಗುವುದು. ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಅರ್ಧ ತಾಸಿನ ಮೇಲೆ ಖಾಲಿ ಟ್ರೇಗಳನ್ನು ವಾಪಸ್ ತರುವುದು.

ಕೋವಿಡ್‌ಗೆ ಮುಂಚೆ ಸೈನಿಕ ಊಟದ ಹಾಲಿಗೆ ಬಂದು, ಯಂತ್ರಕ್ಕೆ ತನ್ನ ಕಾರ್ಡ್ ಹಿಡಿದು, ತಟ್ಟೆ ತೆಗೆದುಕೊಳ್ಳುತ್ತಿದ್ದ. ಈಗ ಅದರ ಜಾಗದಲ್ಲಿ ಒಂದು ಹಾಳೆ ಬಂತು. ಮೂವತ್ತಾರು ಕೋಣೆಗಳ ನಂಬರು, ಪಕ್ಕದಲ್ಲಿ 'ಕೊಡಲಾಗಿದೆ' ಎಂಬ ಅಂಕಣ. ನಾನು ಟಿಕ್ ಹಾಕಿ ಸಹಿ ಮಾಡಬೇಕು. ಕಾರಿಡಾರಿನಲ್ಲಿ ಗ್ಲೌಸ್ ಹಾಕಿಯೇ ಇರಬೇಕಿತ್ತು, ಗ್ಲೌಸ್ ಹಾಕಿದ ಕೈಯಲ್ಲಿ ಪೆನ್ನು ಮುಟ್ಟಬಾರದೆಂದು ಇನ್ನೊಂದು ನಿಯಮ. ಹಾಗಾಗಿ ಟ್ರಾಲಿ ಹೊರಡುವ ಮುನ್ನ ಅಡುಗೆಮನೆಯಲ್ಲೇ ಮೂವತ್ತಾರೂ ಟಿಕ್ ಹಾಕಿ ಸಹಿ ಮಾಡಿಬಿಡುತ್ತಿದ್ದೆ. ಟ್ರೇ ತಲುಪಿಸುವುದಂತೂ ತಲುಪಿಸುತ್ತಿದ್ದೆ, ಟಿಕ್ ಹತ್ತು ನಿಮಿಷ ಮೊದಲಾದರೆ ಏನು ಎಂದುಕೊಂಡಿದ್ದೆ. ಯಾರೂ ಬೇಡ ಎನ್ನಲಿಲ್ಲ.

ಮುಖ ನೋಡದಿದ್ದರೂ ನಾಲ್ಕೇ ದಿನದಲ್ಲಿ ಹುಡುಗರು ಟ್ರೇಗಳಿಂದಲೇ ಗುರುತಾದರು. ಒಂಬತ್ತನೇ ಕೋಣೆಯವನು ಆಲೂಗಡ್ಡೆಯನ್ನೆಲ್ಲ ಒಂದು ಮೂಲೆಗೆ ಒತ್ತರಿಸುತ್ತಿದ್ದ. ಇಪ್ಪತ್ತಮೂರರ ದಾನ್ ಖಾಲಿ ಪೊಟ್ಟಣವನ್ನು ಮಡಚಿ ಲೋಟದ ಕೆಳಗೆ ಸಿಕ್ಕಿಸುತ್ತಿದ್ದ. ಇಪ್ಪತ್ತೆರಡರವನ ಹೆಸರು, ಬಾಗಿಲ ಚೀಟಿಯ ಪ್ರಕಾರ, ಯೋರಿಸ್. ಅವನು ಕೈ ಒರೆಸುವ ಕಾಗದದ ಮೇಲೆ ದಿನವೂ 'ಥ್ಯಾಂಕ್ಸ್' ಎಂದು ಬರೆದಿಡುತ್ತಿದ್ದ, ಮಧ್ಯಾಹ್ನದ ಮಜ್ಜಿಗೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಡಚ್ಚರು ಅದನ್ನು ಕರ್ನೆಮೆಲ್ಕ್ ಎನ್ನುತ್ತಾರೆ. ಒಗ್ಗರಣೆ ಇಲ್ಲ, ಶುಂಠಿ ಇಲ್ಲ, ಆದರೂ ಮಜ್ಜಿಗೆಯೇ. ಎರಡನೇ ದಿನ ಅವನು ಪೊಟ್ಟಣದ ಮೇಲೆ ಒಂದು ಹಸುವಿನ ಚಿತ್ರ ಬರೆದು, ಅಡ್ಡಗೆರೆ ಎಳೆದು ಕಳಿಸಿದ್ದ.

ಕೋಣೆಯಿಂದ ವಾಪಸ್ ಬಂದದ್ದನ್ನು, ಒಡೆಯದ ಪೊಟ್ಟಣವಾದರೂ ಸರಿ, ಎಸೆಯಲೇಬೇಕಿತ್ತು. ದಿನಾ ಮಧ್ಯಾಹ್ನ ಒಂದು ಪೊಟ್ಟಣ ಮಜ್ಜಿಗೆ ನನ್ನ ಕೈಯಾರೆ ಕಸಕ್ಕೆ ಹೋಗುತ್ತಿತ್ತು. ನಮ್ಮ ಕಡೆಯವರಿಗೆ ಅದು ಎಷ್ಟು ಚುಚ್ಚುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮನೆಗೆ ಬಂದು ಹೆಂಡತಿ ಶಾಂತಾಳ ಮುಂದೆ ಗೊಣಗಿದೆ.

"ಕುಡೀಲಾರದವಗ ಯಾಕ ಕೊಡ್ತೀರಿ?" ಎಂದಳು.

"ಲಿಸ್ಟಿನ್ಯಾಗ ಐತಿ, ಕೊಡಬೇಕು."

"ನಿಮ್ಮ ಲಿಸ್ಟಿಗೆ ಒಂದ್ ನಮಸ್ಕಾರ," ಎಂದು ಒಳಗೆ ಹೋದಳು.

ಐದನೇ ದಿನ, ಮಂಗಳವಾರ ಮಧ್ಯಾಹ್ನ, ಎಸೆಯಲು ಪೊಟ್ಟಣವೇ ಇರಲಿಲ್ಲ. ಇಪ್ಪತ್ತೆರಡರ ಟ್ರೇಯಲ್ಲಿ ಮಜ್ಜಿಗೆ ಖಾಲಿ. 'ಕಡೆಗೂ ದಾರಿಗೆ ಬಂದ' ಎಂದು ಖುಷಿಪಟ್ಟೆ. ಕಾಗದದ ಮೇಲೆ ಥ್ಯಾಂಕ್ಸ್ ಇಲ್ಲ ಎಂಬುದನ್ನೂ ನೋಡಿದೆ. ನೋಡಿ ಬಿಟ್ಟೆ.

ಬುಧವಾರ ಮಧ್ಯಾಹ್ನವೂ ಹಾಗೆಯೇ ಆಯಿತು. ಖಾಲಿ ಪೊಟ್ಟಣವನ್ನು ನಾಲ್ಕು ಮಡಿಕೆ ಮಾಡಿ, ಚಪ್ಪಟೆ ಒತ್ತಿ, ಲೋಟದ ಕೆಳಗೆ ಸಿಕ್ಕಿಸಿದ್ದ. ಅದನ್ನು ಕೈಯಲ್ಲಿ ಹಿಡಿದು ನಿಂತೆ. ಹಾಗೆ ಮಡಚುವವನು ಇಪ್ಪತ್ತಮೂರರ ದಾನ್. ಇಪ್ಪತ್ತಮೂರರ ಟ್ರೇ ತೆಗೆದು ನೋಡಿದೆ. ಅದೇ ನಾಲ್ಕು ಮಡಿಕೆ, ಅದೇ ಲೋಟದ ಕೆಳಗೆ.

ಬೆಳಗಾವಿಯಲ್ಲಿ ನಮ್ಮ ಲಂಗರ್‌ನ ಹವಾಲ್ದಾರರು ತಟ್ಟೆ ಹೊರಗೆ ಹೋಗುವಾಗ ತಲೆ ಎತ್ತುತ್ತಿರಲಿಲ್ಲ. ವಾಪಸ್ ಬರುವಾಗ ಮಾತ್ರ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು. ಜ್ವರ ಬಂದವನು, ಮನೆಯಿಂದ ಕೆಟ್ಟ ಸುದ್ದಿ ಬಂದವನು, ಎಲ್ಲವೂ ಅವರಿಗೆ ಎಂಜಲು ತಟ್ಟೆಯಿಂದಲೇ ಗೊತ್ತಾಗುತ್ತಿತ್ತು. ಅವರ ನೆನಪಾಗಿ ನಾನು ಟ್ರಾಲಿ ಬಿಟ್ಟು ಎರಡನೇ ಮಹಡಿ ಹತ್ತಿದೆ.

ಇಪ್ಪತ್ತೆರಡನ್ನು ಬಡಿದೆ. ಎರಡಲ್ಲ, ಹತ್ತು ಸಲ. ಸದ್ದಿಲ್ಲ. ಇಪ್ಪತ್ತಮೂರನ್ನು ಬಡಿದೆ.

"ದಾನ್, ನಿನ್ನ ಪಕ್ಕದವನು ಎಲ್ಲಿ?"

"ಮಲಗಿದ್ದಾನೆ. ತಲೆನೋವಂತೆ," ಬಾಗಿಲ ಹಿಂದಿನಿಂದ ಉತ್ತರ.

"ಅವನ ಮಜ್ಜಿಗೆ ಯಾಕೆ ಕುಡಿದೆ?"

ಉತ್ತರಕ್ಕೆ ಕಾಯದೆ ಮೆಟ್ಟಿಲು ಇಳಿದೆ.

ಕೆಳಗೆ ಆ ಕಟ್ಟಡದ ಉಸ್ತುವಾರಿ ಸಾರ್ಜೆಂಟ್ ಪ್ಲಾಸ್ಟಿಕ್ ಪರದೆಯ ಹಿಂದೆ ಕೂತಿದ್ದ. ಒಳ್ಳೆಯ ಮನುಷ್ಯ. ಮೊದಲ ದಿನವೇ ನನ್ನ ಶಿವಪುತ್ರಪ್ಪ ಎಂಬ ಹೆಸರನ್ನು ನಾಲ್ಕು ಸಲ ಪ್ರಯತ್ನಿಸಿ, ಕ್ಷಮೆ ಕೇಳಿ, 'ಶಿವ'ಕ್ಕೆ ಇಳಿಸಿದ್ದ. ಇಪ್ಪತ್ತೆರಡರವನು ಕೋಣೆಯಲ್ಲಿಲ್ಲ ಎನಿಸುತ್ತಿದೆ ಎಂದೆ. ಅವನು ಫೈಲ್ ತಿರುಗಿಸಿ ತೋರಿಸಿದ.

"ಇದ್ದಾನಲ್ಲ ಶಿವ. ನಿನ್ನೆ ಮೂರು ಹೊತ್ತು, ಇವತ್ತು ಎರಡು ಹೊತ್ತು. ನಿನ್ನದೇ ಟಿಕ್, ನಿನ್ನದೇ ಸಹಿ."

ಫೈಲಿನಲ್ಲಿದ್ದದ್ದು ನನ್ನ ಊಟದ ಹಾಳೆ. ಅದರ ನೆತ್ತಿಯ ಮೇಲೆ ಯಾರೋ 'ಹಾಜರಿ' ಎಂಬ ಮುದ್ರೆ ಒತ್ತಿದ್ದರು. ನನಗೆ ವಿಷಯ ತಿಳಿದದ್ದು ಆಗ. ಸೋಂಕಿನ ಭಯಕ್ಕೆ ಬೆಳಗಿನ ಹಾಜರಿ, ಅಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಕೂಗುವುದನ್ನು, ಆ ಕಟ್ಟಡದಲ್ಲಿ ನಿಲ್ಲಿಸಿದ್ದರು. ಅದರ ಬದಲು ನನ್ನ ಲಿಸ್ಟನ್ನೇ ಹಾಜರಿ ಎಂದು ಹಿಡಿದಿದ್ದರು. ನನಗೆ ಯಾರೂ ಹೇಳಿರಲಿಲ್ಲ. ಮೂವತ್ತಾರು ಸೈನಿಕರು ಇದ್ದಾರೋ ಇಲ್ಲವೋ ಎಂಬುದಕ್ಕೆ ಆ ನೆಲೆಯಲ್ಲಿದ್ದ ಒಂದೇ ಸಾಕ್ಷಿ ನಾನು, ಅದೂ ಅಡುಗೆಮನೆಯಲ್ಲಿ ನಿಂತು ಹಾಕಿದ ಟಿಕ್.

ಹೇಳದೆ ದಾರಿ ಇರಲಿಲ್ಲ.

"ಸಾರ್ಜೆಂಟ್, ಆ ಟಿಕ್ ನಂಬಬೇಡ. ಟ್ರಾಲಿ ಹೊರಡುವ ಮುಂಚೆಯೇ ಹಾಕಿದ್ದು. ನಾನು ಅವನ ಮುಖ ಆರು ದಿನದಲ್ಲಿ ಒಂದು ಸಲವೂ ನೋಡಿಲ್ಲ."

ಅವನು ಫೈಲ್ ಮುಚ್ಚಿ ಎದ್ದ. ನಂತರ ಕೀಲಿಗೊಂಚಲು ಹಿಡಿದು ಮೆಟ್ಟಿಲು ಹತ್ತಿದ.

ಕೋಣೆ ಖಾಲಿ. ಹಾಸಿಗೆ ನೀಟಾಗಿತ್ತು, ಫೋನು ಚಾರ್ಜರಿನಲ್ಲಿತ್ತು, ಓಡುವ ಬೂಟು ಇರಲಿಲ್ಲ. ದಾನ್ ಬಾಗಿಲು ತೆರೆದು ಅಳುತ್ತಲೇ ಹೇಳಿದ. ಕೋಣೆಯಲ್ಲಿ ಕೂತು ಕಾಲು ಹಿಡಿದಿದೆ, ಒಂದು ಸುತ್ತು ಓಡಿ ಬರುತ್ತೇನೆ ಎಂದು ಯೋರಿಸ್ ಮಂಗಳವಾರ ಬೆಳಿಗ್ಗೆ ಆರಕ್ಕೆ ನೆಲಮಹಡಿಯ ಬಟ್ಟೆ ಒಗೆಯುವ ಕೋಣೆಯ ಕಿಟಕಿಯಿಂದ ಹೊರಗೆ ಹೋಗಿದ್ದ. ತಿಂಡಿ ಬಂದರೆ ಟ್ರೇ ಒಳಗೆ ತೆಗೆದುಕೋ, ಸಿಕ್ಕಿಬಿದ್ದರೆ ನನ್ನನ್ನು ಕಾರ್ಯಾಚರಣೆಯಿಂದ ತೆಗೆಯುತ್ತಾರೆ ಎಂದಿದ್ದ. ವಾಪಸ್ ಬರಲಿಲ್ಲ. ಆರ್ನೆಮ್‌ನಲ್ಲಿದ್ದ ಗೆಳತಿಯನ್ನು ನೋಡಲು ಹೋಗಿರಬೇಕು, ಪತ್ತೆಯಾಗದಿರಲೆಂದೇ ಫೋನು ಬಿಟ್ಟಿರಬೇಕು ಎಂದು ದಾನ್ ಭಾವಿಸಿದ್ದ.

"ಟ್ರೇ ತುಂಬಿ ವಾಪಸ್ ಹೋದರೆ ನಿಮಗೆ ಗೊತ್ತಾಗುತ್ತದೆ ಅಂತ ಎರಡೂ ಊಟ ನಾನೇ ತಿಂದೆ," ಎಂದ. "ಅವನು ಮಜ್ಜಿಗೆ ಕುಡಿಯುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ."

ನೆಲೆಯಲ್ಲಿದ್ದವರನ್ನೆಲ್ಲ ಸಾಲು ಕಟ್ಟಿ ತರಬೇತಿ ಮೈದಾನದತ್ತ ಕಳಿಸಿದರು. ಸಣ್ಣ ಮಳೆ ಬೀಳುತ್ತಿತ್ತು. ಸಂಜೆ ನಾಲ್ಕಕ್ಕೆ ಯೋರಿಸ್ ಸಿಕ್ಕ. ಹಿಂದೆ ವಾಹನ ತೊಳೆಯುತ್ತಿದ್ದ ಜಾಗದಲ್ಲಿ ಮೂರು ಮೀಟರ್ ಆಳದ ಕಾಂಕ್ರೀಟ್ ಗುಂಡಿ ಇತ್ತು. ಅದರ ಮೇಲಿನ ಮರದ ಮುಚ್ಚಳ ಕೊಳೆತಿದೆ ಎಂದು ವಸಂತದಲ್ಲೇ ವರದಿಯಾಗಿತ್ತು. ಕೋವಿಡ್ ಎಂದು ರಿಪೇರಿಯವರನ್ನು ಒಳಗೆ ಬಿಡಲಿಲ್ಲ, ಸುತ್ತ ಕಟ್ಟಿದ್ದ ಕೆಂಪು-ಬಿಳಿ ಪಟ್ಟಿ ಬೇಸಿಗೆಯ ಗಾಳಿಗೆ ಹರಿದುಹೋಗಿತ್ತು. ಅಭ್ಯಾಸಗಳೆಲ್ಲ ರದ್ದಾಗಿದ್ದರಿಂದ ಆ ಕಡೆ ಯಾರೂ ಸುಳಿದಿರಲಿಲ್ಲ. ತೊಡೆಯ ಮೂಳೆ ಮುರಿದು, ಮೊಣಕಾಲುದ್ದ ನೀರಿನಲ್ಲಿ, ಅವನು ಮೂವತ್ತನಾಲ್ಕು ತಾಸು ಇದ್ದ. ಸ್ಟ್ರೆಚರ್ ಅಡುಗೆಮನೆಯ ಮುಂದೆಯೇ ಹೋಯಿತು. ನಾಲ್ಕು ದಿನ ಊಟ ಕೊಟ್ಟವನ ಮುಖ ನಾನು ನೋಡಿದ್ದು ಆಗಲೇ, ಬೂದಿಯ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ದಿನ ಹೋಗಿದ್ದರೆ ಚಳಿಗೇ ಹೋಗಿಬಿಡುತ್ತಿದ್ದ ಎಂದು ನೆಲೆಯ ವೈದ್ಯರು ಹೇಳಿದರು.

ವಿಚಾರಣೆಗೆ ಹಾಜರಾಗಲು ನವೆಂಬರ್‌ನಲ್ಲಿ ಪತ್ರ ಬಂತು. ಪತ್ರದ ಹಿಂದೆಯೇ ನಮ್ಮ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದ.

"ಶಿವ, ಊಟ ಕೊಟ್ಟೆ, ಟಿಕ್ ಹಾಕಿದೆ. ಅಷ್ಟೇ ಹೇಳು. ಸಾರ್ಜೆಂಟ್ ಹತ್ತಿರ ಬೇರೆ ಏನೋ ಹೇಳಿದೆಯಂತೆ. ಗಾಬರಿಯಲ್ಲಿ ಭಾಷೆ ತಪ್ಪಿತು ಅನ್ನು. ನಿನ್ನ ಡಚ್ ಅಷ್ಟಕ್ಕಷ್ಟೇ ಅಂತ ಎಲ್ಲರಿಗೂ ಗೊತ್ತು, ನಂಬುತ್ತಾರೆ."

ಅವನು ಹೇಳದೆ ಬಿಟ್ಟದ್ದು ನನಗೆ ಅರ್ಥವಾಯಿತು. ನನ್ನ ಟಿಕ್ ಉಳಿದರೆ ನೆಲೆಯಲ್ಲಿ ದಿನಕ್ಕೆ ಮೂರು ಬಾರಿ ಎಣಿಕೆ ನಡೆದಿತ್ತು, ಇಬ್ಬರು ಹುಡುಗರು ಸೇರಿ ಅದಕ್ಕೆ ಮೋಸ ಮಾಡಿದರು ಎಂದಾಗುತ್ತದೆ. ಟಿಕ್ ಸುಳ್ಳೆಂದರೆ ಎಣಿಕೆಯೇ ನಡೆದಿರಲಿಲ್ಲ ಎಂದಾಗುತ್ತದೆ. ಹಾಗಂದರೆ ಆ ಹಾಳೆಯಲ್ಲಿ ಮೊದಲು ಕಾಣುವ ಹೆಸರು ನನ್ನದು.

ಮಗಳು ವಿದ್ಯಾ ನೈಮೆಗನ್‌ನಲ್ಲಿ ಓದುತ್ತಿದ್ದಳು. ವಿಡಿಯೋ ಕಾಲ್‌ನಲ್ಲಿ ಪತ್ರ ತೋರಿಸಿದೆ.

"ಅಪ್ಪಾ, ಮ್ಯಾನೇಜರ್ ಹೇಳಿದ್ದು ಸೇಫ್ ಐತಿ. ಲ್ಯಾಂಗ್ವೇಜ್ ಪ್ರಾಬ್ಲೆಮ್ ಅಂದ್ರ ಯಾರೂ ಆರ್ಗ್ಯೂ ಮಾಡೂದಿಲ್ಲ. ಸ್ಟೇಟ್‌ಮೆಂಟಿಗೆ ನೀ ಸೈನ್ ಮಾಡು, ಕ್ಲಾರ್."

ಕ್ಲಾರ್ ಎಂದರೆ ಡಚ್ಚಿನಲ್ಲಿ 'ಮುಗೀತು'. ರೊಟ್ಟಿ ತಟ್ಟುತ್ತಿದ್ದ ಶಾಂತಾ ಹಿಟ್ಟಿನ ಕೈಯಲ್ಲೇ ಬಂದು ಫೋನಿನೊಳಗೆ ಇಣುಕಿದಳು.

"ಏನ್ ಕ್ಲಾರ್ ಅವ್ವಾ? ಹದಿನೆಂಟು ವರ್ಷ ಈ ದೇಶದಾಗ ದುಡದಾನ ನಿಮ್ಮಪ್ಪ. ಭಾಷಾ ಬರೂದಿಲ್ಲ ಅಂತ ಬರದು ಕೊಟ್ಟು ಬರ್ತಾನೇನು?" ಆಮೇಲೆ ನನ್ನ ಕಡೆ ತಿರುಗಿದಳು. "ಆ ಹುಡುಗನ ಅವ್ವ ಅಲ್ಲೇ ಎದುರಿಗೆ ಕುಂತಾಳ ಅಂತ ತಿಳೀರಿ. ಆಕಿಗೆ ಏನ್ ಹೇಳ್ತೀರೋ ಅದನ್ನ ಹೇಳಿ ಬರ್ರಿ."

ವಿದ್ಯಾ ಪತ್ರವನ್ನು ಮತ್ತೊಮ್ಮೆ ತೋರಿಸಲು ಹೇಳಿದಳು. "ಓಕೆ ಅಪ್ಪಾ. ಹಂಗಾದ್ರ ಡಚ್ಚಿನ್ಯಾಗ ಸರಿಯಾಗಿ ಹೇಳು. ಬಾ, ಪ್ರಾಕ್ಟೀಸ್ ಮಾಡೂಣು."

ವಿಚಾರಣೆ ನಡೆದ ದೊಡ್ಡ ಹಾಲಿನ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಚಳಿಗೆ ಎಲ್ಲರೂ ಕೋಟಿನಲ್ಲೇ ಕೂತಿದ್ದೆವು. ಪ್ರಶ್ನೆ ಕೇಳಿದವರು ಒಬ್ಬ ಮಹಿಳಾ ಅಧಿಕಾರಿ. ಟಿಕ್ ಎಲ್ಲಿ ಹಾಕುತ್ತಿದ್ದೆ, ಯಾಕೆ, ಎಷ್ಟು ದಿನ, ಎಲ್ಲ ಹೇಳಿದೆ. ನನ್ನ ಲಿಸ್ಟು ಹಾಜರಿಯಾಗಿದೆ ಎಂದು ನನಗೆ ಹೇಳಿದವರಿಲ್ಲ ಎಂಬುದನ್ನೂ ಜೋರಾಗಿಯೇ ಹೇಳಿದೆ. ಅವರು ಬರೆದುಕೊಂಡು ಒಂದೇ ಒಂದು ಪ್ರಶ್ನೆ ಹೆಚ್ಚು ಕೇಳಿದರು.

"ಹೇಳಿದ್ದರೆ, ಪ್ರತಿ ಬಾಗಿಲಲ್ಲೂ ನಿಂತು ನೋಡಿ ಟಿಕ್ ಹಾಕುತ್ತಿದ್ದಿರಾ?"

ಹೌದು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ವಿದ್ಯಾಳ ಜೊತೆ ಮಾಡಿದ ಪ್ರಾಕ್ಟೀಸ್‌ನಲ್ಲಿ ಈ ಪ್ರಶ್ನೆ ಇರಲಿಲ್ಲ.

"ಮೊದಲೆರಡು ದಿನ ಹಾಕುತ್ತಿದ್ದೆ," ಎಂದೆ. "ಐದನೇ ದಿನ ಹಾಕುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ ಮೇಡಂ."

ಅವರು ಪೆನ್ನು ಕೆಳಗಿಟ್ಟು, ಇದುವರೆಗೆ ಈ ಕೋಣೆಯಲ್ಲಿ ಯಾರೂ ಹೀಗೆ ಹೇಳಿರಲಿಲ್ಲ ಎಂದರು. ಹೊಗಳಿದರೋ, ಸುಮ್ಮನೆ ಹೇಳಿದರೋ, ಮಾಸ್ಕಿನ ಹಿಂದೆ ತಿಳಿಯಲಿಲ್ಲ.

ಕಂಪನಿ ನನಗೆ ಲಿಖಿತ ಎಚ್ಚರಿಕೆ ಕೊಟ್ಟಿತು. ನನ್ನ ದುಡಿಮೆಯಲ್ಲಿ ಬಂದದ್ದು ಅದೊಂದೇ, ಈಗಲೂ ಫೈಲಿನಲ್ಲಿದೆ. ಸಾರ್ಜೆಂಟನಿಗೆ ವರ್ಗವಾಯಿತು. ಲಿಸ್ಟಿನ ಮೇಲೆ ಮುದ್ರೆ ಒತ್ತಲು ಹೇಳಿದವರು ಯಾರು, ಮುಚ್ಚಳದ ವರದಿ ಯಾವ ಮೇಜಿನ ಮೇಲೆ ನಿಂತಿತು ಎಂಬುದು ಕೊನೆಯವರೆಗೂ ಹೆಸರು ಹಿಡಿದು ಹೊರಗೆ ಬರಲಿಲ್ಲ. 'ಕ್ರಮಗಳಲ್ಲಿ ಕೊರತೆ ಇತ್ತು' ಎಂದು ಬರೆದರು. ಆದರೆ ತಪ್ಪನ್ನೆಲ್ಲ ಹುಡುಗರಿಬ್ಬರ ಮೇಲೆ ಹೊರಿಸುವುದು ನಿಂತಿತು. ಗುಂಡಿಯನ್ನು ಒಂದೇ ದಿನದಲ್ಲಿ ಕಾಂಕ್ರೀಟ್ ತುಂಬಿ ಮುಚ್ಚಿದರು.

ಮುಂದಿನ ತಂಡ ಬಂದಾಗ ನಾನು ಟ್ರಾಲಿಗೆ ದಾರದಲ್ಲಿ ಒಂದು ಪೆನ್ಸಿಲ್ ಕಟ್ಟಿದೆ. ಅದನ್ನು ಗ್ಲೌಸ್ ಜೊತೆಗೇ ಎಸೆಯಬಹುದು, ನಿಯಮಕ್ಕೂ ಅಡ್ಡಿಯಿಲ್ಲ. ಬಾಗಿಲು ಬಡಿದು ಕೋಣೆಯ ನಂಬರು ಕೂಗುವುದು, ಒಳಗಿನವನು ಬಾಗಿಲಿಗೆ ಹೊಸದಾಗಿ ಹಾಕಿಸಿದ ಗಾಜಿನ ಹತ್ತಿರ ಬಂದು 'ಇದ್ದೇನೆ' ಎನ್ನುವುದು, ಆಮೇಲೆ ಟಿಕ್. ಇಡೀ ಸುತ್ತಿಗೆ ಹೆಚ್ಚು ಬೇಕಾದದ್ದು ಹದಿನಾಲ್ಕು ನಿಮಿಷ. ಸೂಪು ಆರುತ್ತದೆ ಎಂದು ಹುಡುಗರು ಬೈದರು, ಬೈಸಿಕೊಂಡೆ. ಸಹಿ ಮಾಡುವ ಕಾಗದವನ್ನು ಬೇರೆಯವರು ಯಾವುದಕ್ಕೆ ಬಳಸುತ್ತಾರೆ ಎಂದು ಕೇಳಿಕೊಳ್ಳದೆ ಸಹಿ ಮಾಡಬಾರದು ಎಂದು ನನಗೆ ಶಾಲೆಯಲ್ಲಿ ಹೇಳಿಕೊಡಲಿಲ್ಲ. ಹೇಳಿಕೊಡುವ ಇಯತ್ತೆಯವರೆಗೆ ನಾನು ಹೋಗಿರಲಿಲ್ಲವೇನೋ. ಐವತ್ತೊಂಬತ್ತನೇ ವಯಸ್ಸಿನಲ್ಲಿ ಕಲಿತೆ.

2021ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಡಿಸುವ ಕಟ್ಟೆಯ ಹಿಂದೆ ನಿಂತಿದ್ದೆ. ಎತ್ತರದ ಹುಡುಗನೊಬ್ಬ ಕೋಲೂರಿಕೊಂಡು ಕುಂಟುತ್ತ ಬಂದ. ಸೇನೆ ಬಿಡುವ ಕಾಗದಪತ್ರಕ್ಕೆಂದು ಬಂದಿದ್ದನಂತೆ. ಕಟ್ಟೆಯ ಮುಂದೆ ನೆಟ್ಟಗೆ ನಿಂತು, ಮಾಸ್ಕ್ ಕೆಳಗೆ ಸರಿಸಿ ಮುಖ ತೋರಿಸಿದ.

"ಇಪ್ಪತ್ತೆರಡು," ಎಂದ. "ಇದ್ದೇನೆ."

ನನ್ನ ಬಾಗಿಲ ಹಾಜರಿಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ನನ್ನ ಕೈ ತಾನಾಗಿಯೇ ಪೆನ್ಸಿಲ್ ಹುಡುಕಿತು. ಅವತ್ತು ಲಿಸ್ಟ್ ಇರಲಿಲ್ಲ. ಒಂದು ಟ್ರೇ ಎಳೆದುಕೊಂಡು ಸೂಪು ಬಡಿಸಿದೆ, ಬ್ರೆಡ್ ಇಟ್ಟೆ, ಮಜ್ಜಿಗೆಯ ಪೊಟ್ಟಣ ತೆಗೆದು ಪಕ್ಕಕ್ಕಿಟ್ಟೆ. ಅವನು ಊಟ ಮುಗಿಸಿ ಟ್ರೇ ವಾಪಸ್ ತರುವವರೆಗೆ ನಾನು ಆ ಕಟ್ಟೆ ಬಿಟ್ಟು ಕದಲಲಿಲ್ಲ.