ಹಸ್ತಿತ್ವ

ನನ್ನದು ಮರೆಯುವ ಜೀವ ಅಲ್ಲ. ಇಪ್ಪತ್ತೆರಡು ವರ್ಷ ಒಬ್ಬ ಮೇಷ್ಟ್ರ ಮೇಲೆ ಹಲ್ಲು ಕಡಿದುಕೊಂಡೇ ಬದುಕಿದವಳು ನಾನು. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ತಿ. ನರಸೀಪುರದಲ್ಲಿ ಬಿ.ಎ. ಓದುವಾಗಿನ ಮಾತು. ನಮ್ಮೂರು ಬನ್ನೂರಿನ ಕಡೆ. ನಮ್ಮ ಬಾಯಲ್ಲಿ ಹಳ್ಳಿ 'ಅಳ್ಳಿ', ಹಾಲು 'ಆಲು'. ಕಾಲೇಜಿನಲ್ಲಿ ಅದಕ್ಕೆ ನಗುತ್ತಿದ್ದರು. ಹಾಗಾಗಿ ನಾನು ಮೈಯೆಲ್ಲ ಹುಷಾರಾಗಿ, ಬೇಕಾದ ಕಡೆ ಬೇಡದ ಕಡೆ ಎಲ್ಲಾ ಒಂದು ಹಕಾರ ಅಂಟಿಸಿಕೊಂಡು ಮಾತಾಡುತ್ತಿದ್ದೆ. ಒಂದು ದಿನ ತತ್ತ್ವಶಾಸ್ತ್ರದ ಮೇಷ್ಟ್ರು ನನ್ನನ್ನು ಎಬ್ಬಿಸಿ, ಬೋರ್ಡಿನ ಮೇಲಿರೋದನ್ನ ಓದು ಅಂದರು. 'ಅಸ್ತಿತ್ವವಾದ' ಅಂತ ಇತ್ತು. ನಾನು ಗಟ್ಟಿಯಾಗಿ 'ಹಸ್ತಿತ್ವವಾದ' ಅಂದೆ.

"ಹಸ್ತಿ ಅಂದ್ರೆ ಆನೆ ಕಣಮ್ಮ. ನೀನು ಹೇಳ್ತಿರೋದು ಆನೆವಾದ!" ಅಂತ ಮೇಷ್ಟ್ರು ಟೇಬಲ್ ಕುಟ್ಟಿ ನಕ್ಕರು. ಇಡೀ ಕ್ಲಾಸು ನಕ್ಕಿತು. ಡಿಗ್ರಿ ಮುಗಿಯುವ ತನಕ ನನ್ನ ಹೆಸರು ಆನೆ. ಎಂ.ಎ. ಮಾಡಿ ನಾನೂ ಪಾಠ ಹೇಳಬೇಕು ಅಂತ ಆಸೆಯಿತ್ತು. ನಾಲ್ಕು ಜನರ ಮುಂದೆ ಬಾಯಿ ತೆಗೆಯುವ ಧೈರ್ಯವೇ ಹೊರಟುಹೋಯಿತು.

ಬಾಯಿ ಬೇಡದ ಕೆಲಸ ಹುಡುಕಿಕೊಂಡೆ. ನಂಜನಗೂಡಿನ ಬಸ್ ಸ್ಟ್ಯಾಂಡ್ ಹಿಂದೆ ಒಂದು ಪ್ರೆಸ್ಸು, ಅಲ್ಲಿ ಪ್ರೂಫ್ ನೋಡುವುದು. ಮದುವೆ ಕಾರ್ಡು, ಬಿಲ್ ಬುಕ್ಕು, ಅಪರೂಪಕ್ಕೊಂದು ಪುಸ್ತಕ. ಹೋದ ವರ್ಷ ಅದೇ ಮೇಷ್ಟ್ರ ಪುಸ್ತಕ ಅಚ್ಚಿಗೆ ಬಂತು. ಅಸ್ತಿತ್ವವಾದವನ್ನು ಕನ್ನಡದವರಿಗೆ ಪರಿಚಯ ಮಾಡಿಕೊಡುವ ಪುಸ್ತಕ. ರಿಟೈರಾದ ಮೇಲೆ ವರ್ಷಗಟ್ಟಲೆ ಕೂತು ಬರೆದದ್ದಂತೆ. ನನ್ನನ್ನು ನೋಡಿದರು, ಗುರುತು ಸಿಗಲಿಲ್ಲ.

ಅಕ್ಷರ ನೋಡಿದರೆ ಸಾಕು, ನಮಗೆ ಅರ್ಥ ಬೇಕಿಲ್ಲ. ಆದರೂ ಇದನ್ನು ಮೂರು ಸಲ ಓದಿದೆ, ಈ ಯಪ್ಪ ಎಲ್ಲಾದರೂ ಎಡವಿದ್ದಾನಾ ಅಂತ. ದರಿದ್ರದ್ದು, ಚೆನ್ನಾಗಿತ್ತು! ಒರಳು ಏನಕ್ಕೆ ಬೇಕು ಅನ್ನೋದು ಕಲ್ಲುಕುಟಿಗನ ತಲೆಯಲ್ಲಿ ಮೊದಲೇ ಇರುತ್ತದೆ. ಮನುಷ್ಯ ಹಾಗಲ್ಲ, ಮೊದಲು ಸುಮ್ಮನೆ ಇರುತ್ತಾನೆ, ಆಮೇಲೆ ಮಾಡುತ್ತ ಮಾಡುತ್ತ ಏನೋ ಒಂದು ಆಗುತ್ತಾನೆ ಅಂತ ಬರೆದಿದ್ದರು. ಇನ್ನೊಬ್ಬರ ಕಣ್ಣು ಬಿದ್ದರೆ ಸಾಕು, ನಾವು ಒಂದು ವಸ್ತುವಾಗಿಬಿಡುತ್ತೇವೆ ಅಂತ. ಅದನ್ನ ನನಗೆ ಹೇಳಿಕೊಡಬೇಕಾ? 'ನನ್ನ ಕೈಲಿ ಏನಿತ್ತು' ಅನ್ನೋದು ಆತ್ಮವಂಚನೆ, ಸುಮ್ಮನಿರುವುದೂ ಒಂದು ಆಯ್ಕೆಯೇ ಅಂತ. ಸೇಡನ್ನು ಒಳಗೇ ಕುದಿಸುತ್ತ ಕೂರುವವನ ಬದುಕನ್ನು ಅವನ ಶತ್ರುವೇ ನಡೆಸುತ್ತಿರುತ್ತಾನೆ ಅಂತಲೂ ಬರೆದಿದ್ದರು. ಅದನ್ನು ಓದಿ ಮೈಯೆಲ್ಲ ಉರಿದುಹೋಯಿತು.

ಕೊನೆಯ ಗಳಿಗೆಯಲ್ಲಿ ಮೇಷ್ಟ್ರು ಪುಸ್ತಕದ ಹೆಸರನ್ನು ಬರೀ 'ಅಸ್ತಿತ್ವ' ಅಂತ ಬದಲಾಯಿಸಿ ಫೋನಿನಲ್ಲಿ ಹೇಳಿದರು. ಬರೆದುಕೊಂಡು ಟೈಪ್ ಮಾಡಿದಾಕೆ ತಾಂಡವಪುರದಿಂದ ಬರುವವಳು, ಎರಡು ಮಕ್ಕಳ ತಾಯಿ, ನನ್ನ ಹಾಗೇ ಹಕಾರಕ್ಕೆ ಹೆದರುವವಳು. ಮುಖಪುಟ ಮಾಡಿದ್ದು ಬೇರೆಯವರು, ಅದು ಸರಿಯಿತ್ತು. ಒಳಗಿನ ಮೊದಲ ಪುಟದಲ್ಲಿ ಮಾತ್ರ, ದೊಡ್ಡ ಅಕ್ಷರದಲ್ಲಿ, ಈಕೆ 'ಹಸ್ತಿತ್ವ' ಅಂತ ಹೊಡೆದಿದ್ದಳು.

ನಾನು ನೋಡಿದೆ. ತಿದ್ದಲು ಎತ್ತಿದ ಕೆಂಪು ಪೆನ್ನಿಗೆ ಕ್ಯಾಪ್ ಹಾಕಿ, 'ಸರಿಯಿದೆ' ಅಂತ ಸಹಿ ಮಾಡಿ ಕೊಟ್ಟೆ. ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಬಿಡುಗಡೆಯಾದ ಮಾರನೇ ದಿನ ಬೆಳಿಗ್ಗೆ ಮೇಷ್ಟ್ರು ಪುಸ್ತಕ ಹಿಡಿದುಕೊಂಡು ಬಂದರು. ವೇದಿಕೆಯ ಮೇಲೆ ಅತಿಥಿಯೊಬ್ಬರು ಆ ಪುಟ ತೆರೆದು ಇದ್ದದ್ದನ್ನು ಇದ್ದ ಹಾಗೇ ಓದಿದರಂತೆ, ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ. ಆಹಾ, ಎಷ್ಟು ಹಿತವಾಯಿತು ಅಂತೀರಿ! ಅಷ್ಟರಲ್ಲಿ ಪ್ರೆಸ್ಸಿನ ಮಾಲೀಕರು ಟೈಪ್ ಮಾಡಿದಾಕೆಯ ಮೇಲೆ ಎಗರಿದರು. "ನೆಟ್ಟಗೆ ಅಕ್ಷರ ಬರಲ್ಲ ಅಂದ್ಮೇಲೆ ಯಾಕ್ ಬತ್ತೀಯಮ್ಮಾ ಕೆಲ್ಸಕ್ಕೆ? ಎದ್ದು ನಡಿ!" ಆಕೆ "ನಂದೇ ತಪ್ಪು ಸಾ" ಅಂತ ಅಳತೊಡಗಿದಳು.

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸಹಿ ನನ್ನದೇ ಆದರೂ, 'ಕಣ್ತಪ್ಪಿತು' ಅಂದು ಸುಮ್ಮನಾಗಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು, ಆಕೆಯದು ಹೋಗುತ್ತಿತ್ತು.

"ಅವಳದ್ದಲ್ಲ. ನಾನು ನೋಡಿದ್ದೆ. ಬೇಕೂ ಅಂತ ಬಿಟ್ಟೆ" ಅಂದೆ.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಯಾಕಮ್ಮಾ? ನಾನು ನಿಮಗೇನು ಅನ್ಯಾಯ ಮಾಡಿದ್ದೆ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ 'ನೀವು ನಕ್ಕಿದ್ದಕ್ಕೆ' ಅಂದಿದ್ದರೆ, ಅವರು ಮಾಡಿಸಿದ್ದನ್ನು ನಾನು ಮಾಡಿದೆ ಅಂತಾಗುತ್ತಿತ್ತು. ಅವರು 'ಕ್ಷಮಿಸಮ್ಮ' ಅಂದುಬಿಟ್ಟಿದ್ದರೆ ಹಗುರಾಗಿ ಮನೆಗೆ ಹೋಗುತ್ತಿದ್ದರು. ಅದೊಂದು ನಾನು ಕೊಡಲಾರೆ.

"ನೀವೇನೂ ಮಾಡಿಲ್ಲ ಸಾ. ನಂಗೆ ಮಾಡ್ಬೇಕು ಅನ್ನಿಸ್ತು, ಮಾಡ್ದೆ."

ಕೆಲಸ ಅವತ್ತೇ ಹೋಯಿತು. ಮೇಷ್ಟ್ರು ಈಗಲೂ ಸಿಕ್ಕಸಿಕ್ಕವರನ್ನು ಕೇಳುತ್ತಾರಂತೆ, ಆ ಹೆಂಗಸಿಗೆ ನಾನೇನು ಮಾಡಿದ್ದೆ ಅಂತ. ಕೇಳಲಿ. ಸಾಯುವ ತನಕ ಕೇಳಿಕೊಂಡಿರಲಿ.