ನಮ್ಮ ಮನೆಯವರ ಸೊಂಟದ ಪಟ್ಟಿ

ನಮ್ಮ ಮನೆಯವರು ಒಂದು ದಿನಕ್ಕೆ ಉಡುವಷ್ಟು ಸೀರೆ ನಾನು ತಿಂಗಳಿಗೂ ಉಡುವುದಿಲ್ಲ. ಸುಲ್ತಾನ್ ಬಜಾರಿನ ರಾಮದಾಸ ಸೇಠರ ಸೀರೆ ಅಂಗಡಿಯಲ್ಲಿ ಅವರು ಸೇಲ್ಸ್‌ಮನ್. ಸೊಂಟಕ್ಕೆ ಇಲಾಸ್ಟಿಕ್ ಪಟ್ಟಿ ಬಿಗಿದು, ಅದಕ್ಕೆ ನಿರಿಗೆ ಸಿಕ್ಕಿಸಿ, ಸೆರಗು ಹೆಗಲಿಗೇರಿಸಿ ನಿಂತರೆಂದರೆ ಹೆಂಗಸರು ಅವರ ಮೀಸೆ ಮರೆತು ಸೆರಗನ್ನೇ ನೋಡಬೇಕು. ಅಮರೇಶಪ್ಪ ಉಟ್ಟು ತೋರಿಸಿದ ಸೀರೆ ವಾಪಸು ಕಪಾಟಿಗೆ ಹೋಗುವುದಿಲ್ಲ ಎಂದು ಬಜಾರಿನಲ್ಲೆಲ್ಲ ಹೆಸರು. ಆ ಹೆಸರಿನ ಮೇಲೆಯೇ ನಮ್ಮ ಒಲೆ ಉರಿಯುತ್ತದೆ.

ಹೋದ ಬೇಸಿಗೆಯಲ್ಲಿ ಅವರ ಸೊಂಟದ ಸುತ್ತ ಗಜಕರ್ಣ ಎದ್ದಿತು. ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಊಟದ ನಡುವೆ ಎದ್ದು ಹೋಗಿ ಬಾಗಿಲ ಚೌಕಟ್ಟಿಗೆ ಸೊಂಟ ತಿಕ್ಕಿ ಬರುವರು. ನೋಡಿ ನೋಡಿ ನನಗೂ ಮೈ ಕಡಿಯತೊಡಗಿತ್ತು. ಡಾಕ್ಟರಿಗೆ ತೋರಿಸಿ ಎಂದರೆ, "ಅಲ್ಲಿ ಬಟ್ಟಿ ಬಿಚ್ಚಿ ನಿಂದ್ರಬೇಕೇನ? ಮಾನ ಮರ್ಯಾದಿ ಐತೋ ಇಲ್ಲೋ?" ಎನ್ನುವರು. ದಿನವೆಲ್ಲ ಊರ ಹೆಂಗಸರ ಮುಂದೆ ಸೀರೆ ಉಟ್ಟು ನಿಲ್ಲುವ ಮನುಷ್ಯನ ಮಾನ ನೋಡಿ! ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದು ಹಚ್ಚಿದರು. ಬೇಗನೆ ತಣ್ಣಗಾಯಿತು. ಹಚ್ಚುವುದು ಬಿಟ್ಟದ್ದೇ ತಡ, ಮೊದಲಿಗಿಂತ ಅಗಲವಾಗಿ ಎದ್ದಿತು. ಮತ್ತೆ ಟ್ಯೂಬು, ಮತ್ತೆ ಅದೇ ಹಾಡು. ಮಳೆಗಾಲ ಕಳೆಯುವಷ್ಟರಲ್ಲಿ ಬೆನ್ನಿಗೂ ತೊಡೆಗೂ ಹಬ್ಬಿತ್ತು. ಕೊನೆಗೆ ನಾನೇ ಜಗಳ ತೆಗೆದು ಮಣಿಕೊಂಡದ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಅಲ್ಲಿನ ಚರ್ಮದ ಡಾಕ್ಟರ್ ಶರ್ವರಿ ಮೈಸೂರು ಕಡೆಯವರು. ಲೇಡಿ ಡಾಕ್ಟರ್ ಎಂದು ಮೊದಲೇ ಹೇಳಿದ್ದರೆ ಇವರು ಬಸ್ಸೇ ಹತ್ತುತ್ತಿರಲಿಲ್ಲ. ಇವರ ಕೆಲಸ, ಸೊಂಟದ ಪಟ್ಟಿ ಎಲ್ಲ ನಾನೇ ಹೇಳಿದೆ. ಟ್ಯೂಬ್ ನೋಡಿ ಆಕೆ ಮುಖ ಸಿಂಡರಿಸಿದರು.

"ಇದರಲ್ಲಿ ಸ್ಟೆರಾಯ್ಡ್ ಇದೆ. ಕಡಿತ ನಿಲ್ಲಿಸುತ್ತೆ, ಜೊತೆಗೆ ಮೈಯ ಕಾವಲನ್ನೂ ಮಲಗಿಸಿಬಿಡುತ್ತೆ. ಫಂಗಸ್ ಆರಾಮಾಗಿ ಬೆಳೀತಾ ಹೋಗುತ್ತೆ. ನಾನು ಕೊಡೋದು ಇಟ್ರಾಕೊನಝೋಲ್ ಅಂತ ಕ್ಯಾಪ್ಸೂಲ್. ಫಂಗಸ್ಸಿನ ಒಂದೊಂದು ಕಣಕ್ಕೂ ಒಂದು ಹೊದಿಕೆ ಇರುತ್ತೆ. ಅದಕ್ಕೆ ಬೇಕಾದ ಜಿಡ್ಡು ತಯಾರಾಗದ ಹಾಗೆ ಇದು ತಡೆಯುತ್ತೆ. ಹೊದಿಕೆ ಸೋರಿ ಫಂಗಸ್ ಬೆಳೆಯೋದು ನಿಲ್ಲುತ್ತೆ. ನಮ್ಮ ಮೈಯಲ್ಲಿರೋ ಜಿಡ್ಡು ಬೇರೆ ಥರದ್ದು. ಅದಕ್ಕೇ ನಮಗೆ ಅಷ್ಟು ಪೆಟ್ಟಿಲ್ಲ."

"ಅಷ್ಟು ಅಂದ್ರ ಎಷ್ಟರೀ?" ನಾನು ಬಿಡಲಿಲ್ಲ.

"ಕೆಲವರಿಗೆ ಹೊಟ್ಟೆ ತೊಳಸುತ್ತೆ. ಅಪರೂಪಕ್ಕೆ ಲಿವರ್‌ಗೆ ತೊಂದರೆ ಆಗುತ್ತೆ, ಹೃದಯ ದುರ್ಬಲ ಇರೋರಿಗೆ ಆಗಿಬರಲ್ಲ. ರಕ್ತ ಪರೀಕ್ಷೆ ಮಾಡಿಸೋಣ. ಕಣ್ಣು ಹಳದಿಯಾದರೆ, ಕಾಲು ಬಾತರೆ, ಉಸಿರು ಕಟ್ಟಿದರೆ ನಿಲ್ಲಿಸಿ ತಕ್ಷಣ ಬನ್ನಿ. ಬೇರೆ ಏನಾದರೂ ಮಾತ್ರೆ ತಗೋತೀರಾ?"

"ಗ್ಯಾಸಿನ ಗುಳಗಿ ಅಷ್ಟರೀ," ಎಂದರು ಇವರು.

"ಅದು ಸದ್ಯಕ್ಕೆ ಬೇಡ. ಈ ಕ್ಯಾಪ್ಸೂಲ್ ಕರಗೋಕೆ ಹೊಟ್ಟೆಯಲ್ಲಿ ಹುಳಿ ಬೇಕು. ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ತಗೊಳ್ಳಿ. ಟ್ಯೂಬ್ ಬಿಟ್ಟಾಗ ಮೊದಮೊದಲು ಕಡಿತ ಹೆಚ್ಚಾಗುತ್ತೆ, ತಡ್ಕೊಳ್ಳಿ. ಆ ಪಟ್ಟಿ ಕಟ್ಟಲೇಬೇಡಿ. ನಿಮ್ಮ ಪಟ್ಟಿ, ಟವೆಲ್ಲು ಬೇರೆ ಯಾರೂ ಮುಟ್ಟಬಾರದು."

ಪಟ್ಟಿ ಕಟ್ಟದೆ ಸೀರೆ ನಿಲ್ಲುವುದು ಹೇಗೆ? ಇವರು ಅಂಗಡಿಯಲ್ಲಿ ಬೆನ್ನುನೋವು ಎಂದು ಸುಳ್ಳು ಹೇಳಿದರು. ಸೇಠರು ಗೊಣಗುತ್ತ ಗೋದಾಮಿಗೆ ಹಾಕಿದರು. ಗಜಕರ್ಣ ಎಂದು ಗೊತ್ತಾಗಿದ್ದರೆ ಗೋದಾಮೂ ಇಲ್ಲ, ಸೀದಾ ಮನೆ. ಮದುವೆ ಸೀಜನ್ನಿನಲ್ಲಿ ಸೀರೆ ಅಂಗಡಿಯವನಿಗೆ ಚರ್ಮರೋಗ ಎಂಬ ಸುದ್ದಿ ಹಬ್ಬಿದರೆ ಯಾರು ಕಾಲಿಡುತ್ತಾರೆ?

ಇವರನ್ನು ನಂಬದೆ ನಾನೇ ದಿನಾ ಬುತ್ತಿ ಒಯ್ದು, ಉಣ್ಣಿಸಿ, ಕ್ಯಾಪ್ಸೂಲ್ ನುಂಗಿಸಿ ಬರುತ್ತಿದ್ದೆ. ಕಡಿತಕ್ಕೆ ಮುಷ್ಟಿ ಬಿಗಿದುಕೊಂಡು ಗೋದಾಮಿನ ಉದ್ದಗಲ ತಿರುಗುವರು. "ಒಂದ್ಸಲ ಆ ಟ್ಯೂಬ್ ಹಚ್ಕೊಳ್ಳೇನ?" ಎಂದು ಕಣ್ಣಲ್ಲಿ ನೀರು ತಂದು ಕೇಳಿದರು. ನಾನು ಕೊಡಲಿಲ್ಲ.

ಹಾಗೆ ಉಣ್ಣುತ್ತಿರುವಾಗಲೇ ಒಂದು ಮಧ್ಯಾಹ್ನ ಹೊರಗೆ ಮದುಮಗಳ ಬಳಗ ಬಂದು ಕೂತಿತು. ಇವರ ಜಾಗದಲ್ಲಿ ಬಸವಕಿರಣ ಎಂಬ ಸೇಲ್ಸ್‌ಮನ್ ಸೀರೆ ಉಟ್ಟು ತೋರಿಸುತ್ತಿದ್ದ. ಅವನ ಸೊಂಟದಲ್ಲಿದ್ದದ್ದು ಇವರು ಗೂಟಕ್ಕೆ ಹಾಕಿ ಮರೆತ ಪಟ್ಟಿ. ನಿರಿಗೆಯ ಮರೆಯಲ್ಲಿ ಅವನ ಕೈ ಕೆರೆಯುತ್ತಲೇ ಇತ್ತು. ಇವರು ತುತ್ತು ಬಿಟ್ಟು ಎದ್ದರು. ನಾನು ಅಂಗಿ ಹಿಡಿದೆ.

"ಸುಮ್ನ ಕೂಡ್ರಿ. ಕೆಲಸ ಹೋಗತೈತಿ!"

"ಬಿಡ ಗುಣವತಿ. ಮೊನ್ನೆ ಲಗ್ನ ಆದ ಹುಡುಗ ಅಂವ. ಇಬ್ಬರಿಗೂ ಹತ್ತತೈತಿ," ಎಂದು ಕೊಸರಿಕೊಂಡು ಹೊರಗೆ ಹೋಗಿ ಕೂಗಿಯೇಬಿಟ್ಟರು: "ಬಸವಕಿರಣಾ, ಆ ಪಟ್ಟಿ ಬಿಚ್ಚೋ! ನನಗ ಗಜಕರ್ಣ ಆಗೇತಿ, ಅದು ನನ್ನ ಪಟ್ಟಿ!"

ಮದುಮಗಳ ಬಳಗ ಚಪ್ಪಲಿ ಮೆಟ್ಟಿತು. ಸೇಠರು ಕೆಂಡವಾಗಿ, "ನಾಳಿಂದ ಇತ್ತ ಕಡೆ ಮುಖ ಹಾಕಬ್ಯಾಡ," ಎಂದರು.

ಮನೆಗೆ ಬಂದು ಬಾಯಿಗೆ ಬಂದಂತೆ ಬೈದೆ. ಸಿಟ್ಟು ಎಷ್ಟಿತ್ತೋ ಹೆಮ್ಮೆಯೂ ಅಷ್ಟೇ ಇತ್ತು, ಆದರೆ ಹೆಮ್ಮೆಯ ಮಾತು ನನ್ನ ಬಾಯಿಗೆ ಬರಲಿಲ್ಲ. ನಾಳೆ ಹೇಗೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಬಸವಕಿರಣ ಬಂದು ತಲೆ ತಗ್ಗಿಸಿ ಡಾಕ್ಟರ ಅಡ್ರೆಸ್ ಕೇಳಿದ. ಅವನ ಹಿಂದೆ ಅಂಗಡಿಯ ಉಳಿದ ಸೇಲ್ಸ್‌ಮನ್‌ಗಳೂ ನಿಂತಿದ್ದರು. ಅವರೆಲ್ಲರ ಹಿಂದೆ, ಮೆಟ್ಟಿಲ ಮೇಲೆ, ರಾಮದಾಸ ಸೇಠರು! ಇನ್ನೂ ಬೈಯಲು ಬಂದರೋ ಎಂದು ನಾನು ಸೆರಗು ಸಿಕ್ಕಿಸಿಕೊಂಡೆ.

"ವೈನಿ, ಗಿರಾಕಿ ಹೆಚ್ಚಾದಾಗ ಆ ಪಟ್ಟಿ ನಾನೂ ಕಟ್ಟೀನಿ," ಎಂದರು ಸೇಠರು, ಧ್ವನಿ ತಗ್ಗಿಸಿ. "ಆ ಡಾಕ್ಟರ್ ಗಂಡಸರೋ ಹೆಂಗಸರೋ?"

"ಹೆಂಗಸರು. ಅಡ್ರೆಸ್ ಆಮ್ಯಾಲ ಕೊಡತೀನ್ರಿ. ನಮ್ಮ ಮನಿಯವರ ಕೆಲಸ ಐತೋ ಇಲ್ಲೋ, ಮೊದಲ ಅದನ್ನ ಹೇಳ್ರಿ."

ಸೇಠರ ಕೈ ಆಗಲೇ ಸೊಂಟ ಕೆರೆಯಲು ಅಂಗಿಯೊಳಗೆ ಹೋಗಿತ್ತು. "ನಾಳೆ ಲಗೂನ ಕಳಸ್ರಿ," ಎಂದರು.