ಕಿವಿಗೆ ಒಂದೇ, ಕಾಗದಕ್ಕೆ ಎರಡು

ಬೆಳಗಿನ ಆರಕ್ಕೆ ಆಫ್ಲಾವೊ ಗಡಿಯ ಕಬ್ಬಿಣದ ಗೇಟು ಕಿರುಗುಟ್ಟುತ್ತ ತೆರೆಯುವ ಹೊತ್ತಿಗೆ ಜಿಗ್ಬೋದಿ ಅಮೆಗಾನ್ ಸಾಲಿನಲ್ಲಿ ನಿಂತಾಗಿರುತ್ತದೆ. ಮುಂದೆ ಟೊಮೆಟೊ ಬುಟ್ಟಿ ಹೊತ್ತ ಹೆಂಗಸು, ಹಿಂದೆ ಕಾಲು ಕಟ್ಟಿದ ಕೋಳಿಗಳನ್ನು ತಲೆಕೆಳಗಾಗಿ ಹಿಡಿದವನು. ಇವರ ಕೈಯಲ್ಲಿ ಒಂದು ಬಟ್ಟೆಚೀಲ. ಅದರೊಳಗೆ ಎರಡು ಕನ್ನಡಕ, ಒಂದು ಡಬ್ಬಿ ಜೋಳದ ಗಂಜಿ, ನಾಲ್ಕು ನೀಲಿ ಪೆನ್ನು.

“ಏನಜ್ಜೀ, ಇವತ್ತೇನು ಕಳ್ಳಸಾಗಣೆ?” ಘಾನಾ ಕಡೆಯ ಕಾವಲಿನವನು ಕೆಣಕುತ್ತಾನೆ.

“ಅಕ್ಷರ ಕಣೋ. ಇಪ್ಪತ್ತಾರು ತಂದಿದೀನಿ. ಸುಂಕ ಹಾಕ್ತೀಯಾ?”

“ನಿಮ್ಗೆ ಸುಂಕ ಹಾಕಿದ್ರೆ ನಮ್ಮಮ್ಮ ರಾತ್ರಿ ಊಟಕ್ಕೆ ಕರೆಯಲ್ಲ. ನಡೀರಿ, ನಡೀರಿ.”

ಗೇಟಿನ ಆಚೆ ಲೋಮೆ, ಟೋಗೊ ದೇಶ, ಇವರ ಮನೆ ಇರುವುದು ಅಲ್ಲಿ. ಈಚೆ ಘಾನಾ. ಅರವತ್ತೆಂಟರ ಜಿಗ್ಬೋದಿ ಒಂಬತ್ತು ವರ್ಷಗಳಿಂದ ವಾರಕ್ಕೆ ಐದು ದಿನ ಹೀಗೆ ಪರದೇಶಕ್ಕೆ ನಡೆದು ಬರುತ್ತಾರೆ. ಆಫ್ಲಾವೊ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ತಗಡಿನ ಮಾಡಿನ ಎರಡು ಕೋಣೆಗಳ ಉಚಿತ ಕಾನೂನು ಕಚೇರಿ ಇದೆ. ಅಲ್ಲಿ ಅವರದು ಸಂಬಳವಿಲ್ಲದ ದುಡಿಮೆ. ಮಗಳಿಗೆ ಇದು ತಲೆಬಿಸಿ. “ಪುಕ್ಕಟೆ ಕೆಲಸಕ್ಕೆ ಯಾರಾದ್ರೂ ದೇಶ ದಾಟ್ತಾರಾ?” ಎಂದು ವಾರಕ್ಕೊಮ್ಮೆಯಾದರೂ ಗದರುತ್ತಾಳೆ. ಇವರದು ಒಂದೇ ಉತ್ತರ: “ದೇಶ ಎಲ್ಲಿ ದಾಟ್ತೀನಿ? ಒಂದು ಗೇಟು ದಾಟ್ತೀನಿ.”

ಗೇಟಿನ ಎರಡೂ ಕಡೆ ಜನರ ಮಾತು ಒಂದೇ, ಎವೆ. ಮದುವೆ ಸಂಬಂಧಗಳೂ ಸಾವಿನ ಸೂತಕಗಳೂ ಗೇಟು ನೋಡುವುದಿಲ್ಲ. ಕಾಗದ ಮಾತ್ರ ಆಚೆ ಫ್ರೆಂಚಿನಲ್ಲಿ, ಈಚೆ ಇಂಗ್ಲಿಷಿನಲ್ಲಿ. ಈ ಎರಡರ ನಡುವೆ ಸಿಕ್ಕಿಕೊಂಡವರು ದಿನಕ್ಕೆ ಹದಿನಾಲ್ಕು, ಹದಿನೈದು ಮಂದಿ ಕಚೇರಿಯ ಬೆಂಚಿನ ಮೇಲೆ ಕೂರುತ್ತಾರೆ. ಜನನಪತ್ರ ಒಪ್ಪದ ಶಾಲೆ, ಗಂಡನ ಹೆಸರು ಹೊಂದದ ಜಮೀನು ಪತ್ರ, ಯಾವ ಜೈಲಿನಲ್ಲಿದ್ದಾನೋ ತಿಳಿಯದ ತಮ್ಮ. ಜಿಗ್ಬೋದಿ ಕೇಳಿಸಿಕೊಳ್ಳುತ್ತಾರೆ, ಬರೆಯುತ್ತಾರೆ, ಓದಿ ಹೇಳುತ್ತಾರೆ, ಮತ್ತೆ ಬರೆಯುತ್ತಾರೆ.

ಕಚೇರಿ ನಡೆಸುವ ವಕೀಲೆ ಎಸಿನಾಮ್ ಕೋರ್ಟಿಗೆ ಹೋದಾಗ ಬಾಗಿಲು ತೆರೆದಿರುವುದೇ ಇವರಿಂದ. ಸಮುದ್ರದಾಚೆಯಿಂದಲೂ ಸ್ವಯಂಸೇವಕರು ಬರುತ್ತಾರೆ. ಕಾನೂನು ಓದುವ ಹುಡುಗ ಹುಡುಗಿಯರು, ಮೂರು ತಿಂಗಳ ಮಟ್ಟಿಗೆ. ಇದುವರೆಗೆ ಮೂವತ್ತೊಂದು ಮಂದಿ ಬಂದು ಹೋಗಿದ್ದಾರೆ. ಊರಿನವರು ಅವರನ್ನು ಹಾರ ಹಾಕಿ ಬೀಳ್ಕೊಡುತ್ತಾರೆ, ಪಟ ತೆಗೆಸಿಕೊಳ್ಳುತ್ತಾರೆ. ಆ ಪಟಗಳಲ್ಲಿ ಜಿಗ್ಬೋದಿಯನ್ನು ಹುಡುಕಿದರೆ ಸಿಕ್ಕುವುದಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋನು ಹಿಡಿದವರು ಅವರೇ.

ಅವರು ಮೂವತ್ತು ವರ್ಷ ಲೋಮೆಯ ಒಂದು ಕೋರ್ಟಿನ ಕಡತಕೋಣೆಯಲ್ಲಿ ಗುಮಾಸ್ತೆಯಾಗಿದ್ದರು. ಅಲ್ಲಿಯ ಒಂದು ಸಂಗತಿಯನ್ನು ಅವರು ಮುಚ್ಚಿಡುವುದಿಲ್ಲ. ಹನ್ನೆರಡನೆಯ ವರ್ಷದಲ್ಲಿ ಬಿಡುಗಡೆಯ ಆದೇಶವೊಂದರಲ್ಲಿ ಒಬ್ಬ ಮೀನುಗಾರನ ಹೆಸರನ್ನು ಜೈಲಿನ ದಾಖಲೆಯಲ್ಲಿದ್ದಂತೆ ಬರೆಯದೆ, ಅದೇ ಹೆಸರನ್ನು ತಮ್ಮ ಕುಟುಂಬದಲ್ಲಿ ಬರೆಯುವ ರೀತಿಯಲ್ಲಿ ಬರೆದುಬಿಟ್ಟರು. ಜೈಲಿನವರು ಆ ಹೆಸರಿನವನು ನಮ್ಮಲ್ಲಿಲ್ಲ ಎಂದು ಆದೇಶವನ್ನು ಬದಿಗಿಟ್ಟರು. ಅವನು ಇನ್ನೂ ಏಳು ತಿಂಗಳು ಒಳಗೇ ಕಳೆದ.

“ನನ್ನ ಕೈಬರಹ ಮುತ್ತು ಪೋಣಿಸಿದ ಹಾಗಿದೆ ಅಂತ ಸಾಹೇಬ್ರು ಹೊಗಳ್ತಿದ್ರು. ಆ ಮುತ್ತಿನಂಥ ಅಕ್ಷರದಲ್ಲೇ ತಪ್ಪು ಬರೆದೆ. ಯಾರೂ ನನ್ನ ಬೈಲಿಲ್ಲ. ಬೈದಿದ್ರೆ ಮರೆತುಬಿಡ್ತಿದ್ದೆನೋ ಏನೋ,” ಎಂದು ಅವರು ಕನ್ನಡಕ ಒರೆಸಿಕೊಳ್ಳುತ್ತಾರೆ. ನಿವೃತ್ತರಾದ ಮರುವರ್ಷ ಈ ಕಚೇರಿಯ ಸುದ್ದಿ ಕೇಳಿ ತಾವಾಗಿಯೇ ಬಂದರು. ಇಂಗ್ಲಿಷ್ ಕಲಿತದ್ದು ಆಮೇಲೆ, ಘಾನಾ ರೇಡಿಯೊ ಕೇಳಿ.

ಕಳೆದ ಮಳೆಗಾಲದಲ್ಲಿ ಮಸಾನ್ ಎಂಬ ಹೆಂಗಸು ಟೋಗೊ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದಳು. ಅವಳ ಮಗ ಕೊಜೊ ಗಾರೆ ಕೆಲಸಕ್ಕೆಂದು ಘಾನಾಕ್ಕೆ ಬಂದವನು. ಹದಿಮೂರು ತಿಂಗಳಿಂದ ಸುದ್ದಿಯಿಲ್ಲ. ಪೊಲೀಸರು ಹಿಡಿದುಕೊಂಡು ಹೋದರೆಂದು ಜೊತೆಯವನೊಬ್ಬ ಹೇಳಿದ್ದನಂತೆ. ಮೂರು ಕಡೆ ವಿಚಾರಿಸಿ, ಮೂರು ಕಡೆಯೂ ಇಲ್ಲ ಅನ್ನಿಸಿಕೊಂಡು, ಅವಳು ಮಗನ ಜನನಪತ್ರವನ್ನು ಸೆರಗಿನಲ್ಲಿ ಗಂಟು ಕಟ್ಟಿ ತಂದಿದ್ದಳು.

ಆಗ ಕಚೇರಿಯಲ್ಲಿದ್ದ ಸ್ವಯಂಸೇವಕಿ ಮರೀಕೆ, ಹಾಲೆಂಡಿನ ಇಪ್ಪತ್ಮೂರರ ಹುಡುಗಿ. ಎಸಿನಾಮ್ ಒಂದು ಜೈಲಿನಿಂದ ಕೇಳಿ ತಂದಿದ್ದ ವಿಚಾರಣಾಧೀನರ ಪಟ್ಟಿ ಅವಳ ಕಂಪ್ಯೂಟರಿನಲ್ಲಿತ್ತು, ನಾನೂರಕ್ಕೂ ಹೆಚ್ಚು ಹೆಸರು. ಜನನಪತ್ರ ನೋಡಿ ಹೆಸರು ಒತ್ತಿದಳು. ಇಲ್ಲ. ಇನ್ನೊಮ್ಮೆ ಒತ್ತಿದಳು. ಇಲ್ಲ.

“ಈ ಪಟ್ಟಿಯಲ್ಲಿ ಇಲ್ಲಮ್ಮ,” ಎಂದಳು. ಅವಳ ಕಣ್ಣಲ್ಲಿ ಆಗಲೇ ನೀರಿತ್ತು.

ಮಸಾನ್ ಪತ್ರವನ್ನು ಮತ್ತೆ ಗಂಟು ಕಟ್ಟತೊಡಗಿದಳು. ಜಿಗ್ಬೋದಿ ಅವಳ ಕೈ ಹಿಡಿದು ನಿಲ್ಲಿಸಿದರು.

“ಕೂತ್ಕೊ ತಂಗಿ. ಈ ಯಂತ್ರಕ್ಕೆ ಕಣ್ಣಿದೆ, ಕಿವಿ ಇಲ್ಲ.” ಮರೀಕೆಯ ಕಡೆ ತಿರುಗಿದರು. “ಪಟ್ಟಿ ಪೂರ್ತಿ ಗಟ್ಟಿಯಾಗಿ ಓದು ಮಗಳೇ. ಮೊದಲಿಂದ.”

“ಪೂರ್ತಿನಾ? ನನ್ನ ಉಚ್ಚಾರಣೆ ಸರಿಯಿಲ್ಲ ಅಜ್ಜಿ.”

“ಅದು ಎಲ್ಲರಿಗೂ ಗೊತ್ತು. ನೀನು ಓದು.”

ಮರೀಕೆ ಓದಿದಳು. ಅವಳ ಬಾಯಲ್ಲಿ ಹೆಸರುಗಳು ಮುರಿದು ಮುದ್ದೆಯಾಗಿ ಬಿದ್ದವು. ಜಿಗ್ಬೋದಿ ಕಣ್ಣು ಮುಚ್ಚಿ ಒಂದೊಂದನ್ನೂ ತಿದ್ದಿ, ಎವೆ ಮಂದಿ ಕೂಗಿ ಕರೆಯುವಂತೆ ಮತ್ತೆ ಹೇಳಿದರು. ಬೆಂಚಿನ ಮೇಲಿದ್ದ ಉಳಿದವರೂ ತಮ್ಮ ಸರದಿ ಮರೆತು ಸುಮ್ಮನೆ ಕೇಳುತ್ತ ಕೂತರು. ನಡುವೆ ಒಂದು ಹೆಸರು ಕೇಳಿ ಮುದುಕನೊಬ್ಬ, “ಇವನು ನಮ್ಮ ಸೋದರಳಿಯ! ಒಳಗಿದ್ದಾನಾ? ಆಗಬೇಕಾದ್ದೇ ಆಯ್ತು!” ಎಂದಾಗ ಎಲ್ಲರೂ ನಕ್ಕರು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಮರೀಕೆಯ ಗಂಟಲು ಒಣಗಿತು. ನೀರು ಕುಡಿದು ಮತ್ತೆ ಓದಿದಳು.

ಪಟ್ಟಿಯ ಕೊನೆಯ ಹಾಳೆಗೆ ಬಂದಾಗ ಅವಳು ಒಂದು ಹೆಸರನ್ನು ಹೇಗೋ ಉಚ್ಚರಿಸಿದಳು. ಜಿಗ್ಬೋದಿ ತಿದ್ದಿ ಹೇಳಿದರು: “ವೆಚೀ ಕೊಜೊ.”

ಮಸಾನ್ ಎದ್ದು ನಿಂತಳು.

“ಇನ್ನೊಂದ್ಸಲ ಹೇಳಕ್ಕ.”

“ವೆಚೀ ಕೊಜೊ.”

“ಅದೇ. ಅದೇ ನಾನಿಟ್ಟ ಹೆಸರು.”

ಕಾರಣ ಇಷ್ಟೇ. ಮನೆತನದ ಹೆಸರಿನ ಆ ಮೊದಲ ಸದ್ದನ್ನು ಫ್ರೆಂಚ್ ಕಾಗದ ಓ ಅಕ್ಷರ ಹಾಕಿ ಶುರುಮಾಡುತ್ತದೆ, ಇಂಗ್ಲಿಷ್ ಕಾಗದ ಡಬ್ಲ್ಯೂ ಹಾಕುತ್ತದೆ. ಕೊಜೊ ಎಂಬುದಕ್ಕೂ ಎರಡೂ ಕಡೆ ಬೇರೆ ಬೇರೆ ಅಕ್ಷರ. ಠಾಣೆಯಲ್ಲಿ ಬರೆದುಕೊಂಡವನು ಎವೆ ತಿಳಿಯದವನು, ತೋಚಿದ ಹಾಗೆ ಬರೆದಿದ್ದ. ಮಗ ಜೈಲಿನಲ್ಲೇ ಇದ್ದ, ಅವ್ವ ವಿಚಾರಿಸಿದ ಮೂರು ಕಡೆಗಳಲ್ಲಿ ಆ ಜೈಲಿನ ಬಾಗಿಲೂ ಒಂದು.

ಮುಂದಿನದು ಎಸಿನಾಮ್ ಅವರ ಕೆಲಸ. ಸಿಮೆಂಟು ಮೂಟೆ ಕದ್ದ ಆರೋಪ. ದೂರು ಕೊಟ್ಟ ಕಂಟ್ರಾಕ್ಟರ್ ಊರು ಬಿಟ್ಟು ವರ್ಷವಾಗಿತ್ತು, ಸಾಕ್ಷಿ ಹೇಳುವವರೇ ಇರಲಿಲ್ಲ. ಎರಡು ಸಲ ವಾಯಿದೆ ಬಿತ್ತು. ಆ ನಡುವೆ ಮರೀಕೆಯ ಮೂರು ತಿಂಗಳು ಮುಗಿಯಿತು. ಅವಳು ಹೋಗಲಾರೆನೆಂದು ಅತ್ತಳು, ಹೋದಳು. ಮೂರನೆಯ ಸಲ ನ್ಯಾಯಾಧೀಶರು ಕೊಜೊನನ್ನು ಬಿಟ್ಟರು. ಬಿಡುಗಡೆಯ ಆದೇಶ ಹೊರಡುವ ಮೊದಲು ಜಿಗ್ಬೋದಿ ಕೋರ್ಟಿನ ಗುಮಾಸ್ತನ ಮೇಜಿನ ಪಕ್ಕ ನಿಂತು, ಹೆಸರಿನ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಜೈಲಿನ ಪಟ್ಟಿಗೆ ತಾಳೆ ನೋಡಿದರು. “ಸಾಕಜ್ಜಿ, ಸರಿಯಾಗಿದೆ,” ಎಂದ ಅವನು. “ಇನ್ನೊಂದ್ಸಲ,” ಎಂದರು ಇವರು.

ಕೊಜೊ ಹೊರಬಂದಾಗ ಅವ್ವನಿಗೆ ಮೊದಲು ಗುರುತೇ ಹತ್ತಲಿಲ್ಲವಂತೆ, ಅಷ್ಟು ಬಡವಾಗಿದ್ದ. ತಿಂಗಳಾದ ಮೇಲೆ ತಾಯಿ ಮಗ ಇಬ್ಬರೂ ಒಂದು ಬುಟ್ಟಿ ಗೆಣಸು ಹೊತ್ತು ಕಚೇರಿಗೆ ಬಂದರು. ಗೆಣಸು ಹಂಚಿಯಾದ ಮೇಲೂ ಮಸಾನ್ ಹೊರಡಲೊಲ್ಲಳು.

“ಅಕ್ಕಾ, ನನ್ನ ಹೆಸರನ್ನೂ ಒಂದು ಚೀಟೀಲಿ ಬರ್ಕೊಡ್ತೀರಾ? ಅದು ಹೇಗಿರುತ್ತೆ ಅಂತ ನಾನು ನೋಡೇ ಇಲ್ಲ.”

“ಯಾವ ಅಕ್ಷರದಲ್ಲಿ ಬರೀಲಿ? ಆಚೆ ಕಡೇದಾ, ಈಚೆ ಕಡೇದಾ?”

“ನಿಮ್ಗೆ ಹೇಗೆ ಕೇಳ್ಸಿತೋ ಹಾಗೆ.”

ಜಿಗ್ಬೋದಿ ಬರೆದುಕೊಟ್ಟರು. ಅದನ್ನು ಹೇಳುವಾಗ ಅವರ ಮುಖ ಅರಳುತ್ತದೆ. ಮಸಾನ್ ಚೀಟಿಯನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದಳಂತೆ. ಸರಿಪಡಿಸಲು ಇವರಿಗೆ ಮನಸ್ಸಾಗಲಿಲ್ಲ.

ಈಗ ಬೆಂಚು ತುಂಬಿದೆ. ಮುಂದಿನ ಸೋಮವಾರ ಮೂವತ್ತೆರಡನೆಯ ಸ್ವಯಂಸೇವಕ ಬರುತ್ತಾನಂತೆ, ಅವನಿಗೊಂದು ಕುರ್ಚಿ ಹುಡುಕಬೇಕು. ನಿಮಗೇನು ಆಸೆ ಎಂದು ಕೇಳಿದರೆ ಜಿಗ್ಬೋದಿ ಪೆನ್ನಿನ ಮುಚ್ಚಳ ತೆಗೆಯುತ್ತಾರೆ.

“ಮಂಡಿ ಹೋಯ್ತು, ಹೋಗ್ಲಿ. ಕಣ್ಣಿಗೂ ಮಂಜು ಕವಿದಿದೆ, ಅದಕ್ಕೆ ಕನ್ನಡಕ ಇದೆ. ಕಿವಿ ಒಂದು ಇನ್ನೊಂದೈದು ವರ್ಷ ಗಟ್ಟಿಯಾಗಿರ್ಲಪ್ಪ. ಅಷ್ಟು ಸಾಕು.”

ಆಮೇಲೆ ಬೆಂಚಿನ ತುದಿಯಲ್ಲಿದ್ದವಳನ್ನು ಹತ್ತಿರ ಕರೆದು ಕೇಳುತ್ತಾರೆ: “ನಿನ್ನ ಅವ್ವ ನಿನ್ನ ಏನಂತ ಕರೀತಾಳೆ ಮಗಳೇ?”